ವಿದೇಶದ ಮಾತಿನ ಬೆಲೆ: ಟ್ರಂಕ್ ಕಾಲ್‌ನಿಂದ ಸ್ಮಾರ್ಟ್‌ಫೋನ್‌ವರೆಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆ ನಡೆದು ಬಂದ ದಾರಿಯನ್ನು ಈ ಸಂಚಿಕೆಯಲ್ಲಿ ಹಿರಿಯರು ಬರೆದಿದ್ದಾರೆ. ಕೆಂಪೇಗೌಡರ ಬಗ್ಗೆಯೂ ಮೈಸೂರು ಅರಸರ ಬಗ್ಗೆಯೂ ಬೇಕಾದಷ್ಟು ಪುಸ್ತಕಗಳಿವೆ. ಹಾಗಾಗಿ ನಾನು ನಮ್ಮ ಬಡಾವಣೆಗಳ ಮನೆಮನೆಯಲ್ಲೂ ನಡೆದ, ಆದರೆ ಯಾರೂ ಬರೆದಿಡದ ಒಂದು ಇತಿಹಾಸವನ್ನು ಆರಿಸಿಕೊಂಡಿದ್ದೇನೆ. ದೂರದೇಶದಲ್ಲಿರುವವರೊಡನೆ ಮಾತನಾಡಲು ನಾವು ತೆತ್ತ ಬೆಲೆಯ ಇತಿಹಾಸ ಅದು.

ಇದಕ್ಕೂ ಸುಮಾರು ಐವತ್ತೇ ವರ್ಷ. ಆಪರೇಟರ್ ಸಹಾಯವಿಲ್ಲದೆ ನೇರವಾಗಿ ವಿದೇಶಕ್ಕೆ ಡಯಲ್ ಮಾಡುವ ಐಎಸ್‌ಡಿ ಸೌಲಭ್ಯ ಭಾರತದಲ್ಲಿ ಮೊದಲು ಬಂದದ್ದು 1976ರಲ್ಲಿ, ಮುಂಬಯಿ ಮತ್ತು ಲಂಡನ್ ನಡುವೆ. ಅಂದಿನಿಂದ ಇಂದಿನವರೆಗೆ ಮಾತಿನ ಬೆಲೆ ಹೇಗೆ ಇಳಿಯಿತು, ಯಾರಿಗೆ ಇಳಿಯಿತು, ಇಳಿದ ಮೇಲೂ ಕೆಲವರು ಏಕೆ ದುಬಾರಿ ಬೆಲೆ ತೆರುತ್ತಿದ್ದಾರೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನಮ್ಮ ಬಡಾವಣೆಗಳು

ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದದ್ದು 1949ರಲ್ಲಿ. ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರನ್ನೇ ಬಡಾವಣೆಗೆ ಇಡಲಾಯಿತು. ಕೈಗಾರಿಕಾ ವಸಾಹತು, ಇಎಸ್‌ಐ ಆಸ್ಪತ್ರೆ, ಸುತ್ತಮುತ್ತಲ ಗಿರಣಿ ಮತ್ತು ಕಾರ್ಖಾನೆಗಳು ಇದನ್ನು ದುಡಿಯುವವರ ಊರಾಗಿ ಮಾಡಿದವು. ಮುಂದೆ ಕಾರ್ಡ್ ರಸ್ತೆಯ ಪಶ್ಚಿಮಕ್ಕೆ ಬಸವೇಶ್ವರನಗರ, ಮಾಗಡಿ ರಸ್ತೆಯ ಆಚೆಗೆ ವಿಜಯನಗರ ಬೆಳೆದವು. ಸರ್ಕಾರಿ ನೌಕರರು, ಬ್ಯಾಂಕಿನವರು, ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಸಾಲ ಮಾಡಿ ಇಲ್ಲಿ ಮನೆ ಕಟ್ಟಿಸಿದರು. ಮೈಸೂರು ರಸ್ತೆಯ ಕೆಂಗೇರಿ ಆಗಿನ್ನೂ ಬೇರೆಯೇ ಊರು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಅಲ್ಲಿಗೆ ತಲುಪಿದ ಮೇಲೆ ಅದು ದೂರದ ಊರು ಎಂಬ ಭಾವನೆಯೇ ಹೋಯಿತು.

ಇಂಥ ಮನೆಗಳಲ್ಲಿ ವಿದೇಶ ಎಂದರೆ ಮೊದಲು ಗಲ್ಫ್. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಕೆಲಸ ಕಲಿತವರು ದುಬೈ, ಮಸ್ಕತ್, ಕುವೈತ್‌ಗಳಿಗೆ ಹೋದರು. ನಂತರದ್ದು ಅಮೆರಿಕ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿತು. ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಉದ್ದಿಮೆ ಬೆಳೆಯಿತು. 2000ನೇ ಇಸವಿಗೆ ಕಾಲಿಡುವಾಗ ಕಂಪ್ಯೂಟರ್‌ಗಳ ದಿನಾಂಕ ತಪ್ಪಬಹುದೆಂಬ ಭಯದಿಂದ ಹುಟ್ಟಿದ ಕೆಲಸಕ್ಕೆ ನಮ್ಮ ಹುಡುಗ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ವಿಮಾನ ಹತ್ತಿದರು. ಗಿರಣಿ ಕಾರ್ಮಿಕನ ಮಗ ಕ್ಯಾಲಿಫೋರ್ನಿಯಾ ಸೇರಿದ. ಅವನೊಡನೆ ಮಾತನಾಡುವುದು ಹೇಗೆಂಬ ಪ್ರಶ್ನೆ ಆ ಮನೆಯ ಪ್ರಶ್ನೆಯಾಯಿತು.

ಟ್ರಂಕ್ ಕಾಲ್ ಮತ್ತು ಪಿಪಿ ನಂಬರ್

ಮುಂಬಯಿ ಮತ್ತು ಲಂಡನ್ ನಡುವೆ ರೇಡಿಯೊ ಟೆಲಿಫೋನ್ 1933ರಲ್ಲೇ ಇತ್ತು. ಆದರೆ ಅದು ಸರ್ಕಾರಕ್ಕೆ ಮತ್ತು ದೊಡ್ಡ ವ್ಯಾಪಾರಿಗಳಿಗೆ. 1971ರಲ್ಲಿ ಪುಣೆ ಹತ್ತಿರದ ಆರ್ವಿಯಲ್ಲಿ ಉಪಗ್ರಹ ಭೂಕೇಂದ್ರ ಆರಂಭವಾದ ಮೇಲೆ ವಿದೇಶದ ಕರೆಗಳ ಧ್ವನಿ ಸ್ಪಷ್ಟವಾಯಿತು. ಆದರೆ ಧ್ವನಿ ಸುಧಾರಿಸಿದಷ್ಟು ಸುಲಭವಾಗಿ ಫೋನ್ ಸಿಗಲಿಲ್ಲ.

ನಗರದ ಪೂರ್ವ ತುದಿಯ ದೂರವಾಣಿನಗರದಲ್ಲಿ 1948ರಲ್ಲೇ ಐಟಿಐ ಕಾರ್ಖಾನೆ ಶುರುವಾಗಿತ್ತು. ದೇಶಕ್ಕೆಲ್ಲ ಫೋನ್ ಮಾಡಿಕೊಡುವ ಊರು ನಮ್ಮದು. ಆದರೂ ನಮ್ಮ ಬೀದಿಯಲ್ಲಿ ಒಂದು ಸಂಪರ್ಕ ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. 1991ರಲ್ಲಿ ಇಡೀ ದೇಶದಲ್ಲಿದ್ದ ಫೋನ್‌ಗಳು ಸುಮಾರು 50 ಲಕ್ಷ ಮಾತ್ರ. ಫೋನ್ ಇದ್ದ ಮನೆಯ ನಂಬರನ್ನು ಅಕ್ಕಪಕ್ಕದವರೆಲ್ಲ ತಮ್ಮದೆಂದೇ ಬರೆದುಕೊಳ್ಳುತ್ತಿದ್ದರು. ಮದುವೆಯ ಲಗ್ನಪತ್ರಿಕೆಯಲ್ಲಿಯೂ ಆ ನಂಬರಿನ ಮುಂದೆ ‘ಪಿಪಿ’ ಎಂದು ಅಚ್ಚಾಗುತ್ತಿತ್ತು. 332 ಎಂದು ಶುರುವಾಗುವ ರಾಜಾಜಿನಗರದ ಒಂದೊಂದು ನಂಬರು ಹತ್ತು ಮನೆಗಳ ನಂಬರಾಗಿತ್ತು.

ವಿದೇಶದ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕು. ಕನಿಷ್ಠ ಮೂರು ನಿಮಿಷದ ಲೆಕ್ಕ. ಮೂರು ನಿಮಿಷ ಆಗುತ್ತಲೇ ಆಪರೇಟರ್ ನಡುವೆ ಬಂದು ನೆನಪಿಸುತ್ತಿದ್ದರು. ಹಾಗಾಗಿ ಸಾಮಾನ್ಯ ಸಂಸಾರಗಳ ನಿಜವಾದ ಸಂಪರ್ಕ ಸಾಧನ ನೀಲಿ ಬಣ್ಣದ ಏರೋಗ್ರಾಮ್. ಗಲ್ಫ್‌ಗೆ ಹೋದವರ ಮನೆಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ಟೇಪ್ ರೆಕಾರ್ಡರ್ ಮುಂದೆ ಮನೆಯವರೆಲ್ಲ ಕೂತು ಮಾತನಾಡಿ, ಆ ಕ್ಯಾಸೆಟ್ಟನ್ನು ಊರಿಗೆ ಬಂದು ಮರಳುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಈಗ ನಾವು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಧ್ವನಿ ಸಂದೇಶದ ಪೂರ್ವಜ ಅದು.

ಹಳದಿ ಬೋರ್ಡು, ಕೆಂಪು ಅಂಕಿ

1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಸಿ-ಡಾಟ್ ಸಂಸ್ಥೆ ಆರಂಭವಾಯಿತು. 1986ರಲ್ಲಿ ವಿದೇಶ ಸಂಪರ್ಕದ ಇಲಾಖೆಯು ವಿದೇಶ ಸಂಚಾರ ನಿಗಮ ಎಂಬ ಕಂಪನಿಯಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ‘ಎಸ್‌ಟಿಡಿ ಐಎಸ್‌ಡಿ ಪಿಸಿಒ’ ಎಂಬ ಹಳದಿ ಬೋರ್ಡು ಬೀದಿ ಬೀದಿಯಲ್ಲಿ ಕಾಣಿಸಿಕೊಂಡಿತು. ಭಾಷ್ಯಂ ವೃತ್ತ, ರಾಮಮಂದಿರ, ವಿಜಯನಗರದ ಮಾರುತಿ ಮಂದಿರ, ಬಸವೇಶ್ವರನಗರದ ಪವಿತ್ರ ಪ್ಯಾರಡೈಸ್, ಹೀಗೆ ಬಸ್ ನಿಲ್ಲುವಲ್ಲೆಲ್ಲ ಒಂದೊಂದು ಗಾಜಿನ ಗೂಡು.

ಮನೆಗೊಂದು ಫೋನ್ ಕೊಡಲಾಗದ ದೇಶವೊಂದು ಬೀದಿಗೊಂದು ಫೋನ್ ಕೊಟ್ಟು ಕೊರತೆಯನ್ನು ನೀಗಿಸಿತು ಎಂಬುದು ಈ ಬೂತ್‌ಗಳ ಮಹತ್ವ. ಬೂತ್ ಮಂಜೂರು ಮಾಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಎಷ್ಟೋ ಮಂದಿ ಅದರಿಂದಲೇ ಸಂಸಾರ ಸಾಗಿಸಿದರು, ಮಕ್ಕಳನ್ನು ನಮ್ಮಂಥ ಶಾಲೆಗಳಲ್ಲಿ ಓದಿಸಿದರು. ದೇಶದೊಳಗಿನ ಕರೆಗೆ ರಾತ್ರಿ 11ರ ನಂತರ ಕಾಲು ದರವಿದ್ದುದರಿಂದ ಊಟ ಮುಗಿಸಿ ಬೂತ್ ಮುಂದೆ ಸಾಲುಗಟ್ಟುವುದು ವಾಡಿಕೆಯಾಗಿತ್ತು.

ಆ ಗೂಡಿನೊಳಗೆ ಕಣ್ಣಿನ ನೇರಕ್ಕೆ ಒಂದು ಪುಟ್ಟ ಪೆಟ್ಟಿಗೆ. ಅದರಲ್ಲಿ ಕೆಂಪು ಅಂಕಿಗಳು. ಮಾತನಾಡುತ್ತಿದ್ದಂತೆ ಅಂಕಿ ಏರುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ಕರೆಗೆ ನಿಮಿಷಕ್ಕೆ ಅರವತ್ತು ರೂಪಾಯಿಗೂ ಹೆಚ್ಚು ತಗಲುತ್ತಿತ್ತು. ಐದು ನಿಮಿಷ ಮಾತನಾಡಿದರೆ ಮುನ್ನೂರು ರೂಪಾಯಿ ಮೀರುತ್ತಿತ್ತು. ಆಗಿನ ಕಾಲಕ್ಕೆ ಅದು ಸಣ್ಣ ಸಂಸಾರವೊಂದರ ವಾರದ ದಿನಸಿ.

ಹೇಳದೆ ಉಳಿದ ಮಾತು

ಬೆಲೆ ಹೆಚ್ಚಾದರೆ ಮಾತು ಕಡಿಮೆಯಾಗುತ್ತದೆ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಆದರೆ ಯಾವ ಮಾತು ಕಡಿಮೆಯಾಗುತ್ತದೆ ಎಂಬುದನ್ನು ನೋಡಿದವರಷ್ಟೇ ಹೇಳಬಲ್ಲರು. ನಮ್ಮ ಸಾಲಿನ ಮನೆಯ ತಾಯಿಯೊಬ್ಬರು ಮಗನಿಗೆ ಫೋನ್ ಮಾಡುವ ಮುನ್ನ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಹೇಳಬೇಕಾದದ್ದನ್ನು ಪಟ್ಟಿ ಮಾಡುತ್ತಿದ್ದರು. ತಂಗಿಯ ಪರೀಕ್ಷೆ, ಮನೆ ಸಾಲದ ಕಂತು, ಚಿಕ್ಕಪ್ಪನ ಮಗಳ ಮದುವೆ, ಕಾರ್ಪೊರೇಷನ್ ನೀರು. ತಮ್ಮ ಕಾಯಿಲೆಯನ್ನು ಪಟ್ಟಿಯ ಕೊನೆಗೆ ಬರೆಯುತ್ತಿದ್ದರು. ಕೆಂಪು ಅಂಕಿ ಇನ್ನೂರು ದಾಟುತ್ತಿದ್ದಂತೆ ‘ಎಲ್ಲರೂ ಚೆನ್ನಾಗಿದ್ದೀವಿ, ಇಡ್ತೀನಪ್ಪ’ ಎನ್ನುತ್ತಿದ್ದರು. ಕೊನೆಯ ಸಾಲು ಹಾಗೇ ಉಳಿಯುತ್ತಿತ್ತು. ಮಗನಿಗೆ ವಿಷಯ ತಿಳಿದದ್ದು ತಾಯಿ ಆಸ್ಪತ್ರೆ ಸೇರಿದ ಮೇಲೆ.

ಇಂಥ ಮನೆಗಳು ಒಂದಲ್ಲ, ನೂರಾರು. ಸುದ್ದಿ ಹೇಳಲು ಆ ನಿಮಿಷಗಳು ಸಾಕಾಗುತ್ತಿದ್ದವು. ಸುಮ್ಮನೆ ಹರಟಲು, ಅಳಲು, ಮೌನವಾಗಿರಲು ಅವು ಸಾಕಾಗುತ್ತಿರಲಿಲ್ಲ. ವಿದೇಶದ ಕರೆ ಅಗ್ಗವಾದದ್ದನ್ನು ಕೇವಲ ತಂತ್ರಜ್ಞಾನದ ಪ್ರಗತಿ ಎಂದು ಬರೆದರೆ ಇತಿಹಾಸ ಪೂರ್ಣವಾಗುವುದಿಲ್ಲ. ಒಂದು ತಲೆಮಾರಿನ ತಂದೆ ತಾಯಿಗಳಿಗೆ ಮಕ್ಕಳ ದನಿ ಮರಳಿ ಸಿಕ್ಕಿದ್ದೂ ಆ ಇತಿಹಾಸದ ಭಾಗ.

ಬೆಲೆ ಇಳಿದದ್ದು ಹೇಗೆ

ಬೆಲೆ ಇಳಿಯಲು ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಸಮುದ್ರದಡಿಯ ಆಪ್ಟಿಕಲ್ ಫೈಬರ್ ಕೇಬಲ್. ಉಪಗ್ರಹಕ್ಕಿಂತ ಬಹುಪಾಲು ಹೆಚ್ಚು ಕರೆಗಳನ್ನು ಒಟ್ಟಿಗೆ ಒಯ್ಯುವ ಈ ತಂತಿಗಳು ತೊಂಬತ್ತರ ದಶಕದಿಂದ ಮುಂಬಯಿ, ಚೆನ್ನೈ ಕರಾವಳಿಗೆ ಒಂದರ ಹಿಂದೊಂದು ಬಂದವು. ಎರಡನೆಯದು ಏಕಸ್ವಾಮ್ಯದ ಕೊನೆ. ವಿದೇಶದ ಕರೆಗಳೆಲ್ಲ ವಿದೇಶ ಸಂಚಾರ ನಿಗಮದ ಮೂಲಕವೇ ಹೋಗಬೇಕೆಂಬ ಕಟ್ಟುಪಾಡು 2002ರ ಏಪ್ರಿಲ್‌ಗೆ ಮುಗಿಯಿತು. ಮೂರನೆಯದು ಇಂಟರ್ನೆಟ್. 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತರೂ ಅದರ ಮೂಲಕ ಫೋನ್ ಮಾಡುವುದು ಕಾನೂನುಬಾಹಿರವಾಗಿತ್ತು. ಅದಕ್ಕೂ 2002ರ ಏಪ್ರಿಲ್ 1ರಿಂದ ಅನುಮತಿ ದೊರೆಯಿತು. ಅಂದಿನಿಂದ ಬೂತ್ ಪಕ್ಕದ ಸೈಬರ್ ಕೆಫೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಗಳೊಡನೆ ಮಾತನಾಡುವ ಅಜ್ಜಿಯರು ಕಾಣಸಿಕ್ಕರು.

ಆ ಕಡೆಯಲ್ಲಿದ್ದ ನಮ್ಮವರ ಸಾಹಸವನ್ನೂ ಮರೆಯಬಾರದು. ಅಮೆರಿಕದ ಭಾರತೀಯ ದಿನಸಿ ಅಂಗಡಿಗಳಲ್ಲಿ ಬೇಳೆ, ಸಾಂಬಾರ್ ಪುಡಿಗಳ ಪಕ್ಕದಲ್ಲೇ ಕಾಲಿಂಗ್ ಕಾರ್ಡ್ ಮಾರುತ್ತಿದ್ದರು. ಕಾರ್ಡನ್ನು ಗೀರಿ, ಒಂದು ನಂಬರಿಗೆ ಫೋನ್ ಮಾಡಿ, ಗುಪ್ತಸಂಖ್ಯೆ ಒತ್ತಿ, ಆಮೇಲೆ 011, 91, 80 ಎಂದು ಒತ್ತಿದರೆ ಬೆಂಗಳೂರು. ಇಷ್ಟು ನಿಮಿಷ ಉಳಿದಿದೆ ಎಂದು ಯಂತ್ರದ ದನಿಯೊಂದು ಮೊದಲೇ ಹೇಳುತ್ತಿತ್ತು. ಆದರೆ ಸಂಪರ್ಕ ಶುಲ್ಕ, ನಿರ್ವಹಣಾ ಶುಲ್ಕ ಎಂದು ಸಣ್ಣ ಅಕ್ಷರದಲ್ಲಿ ಕಡಿತಗಳಿರುತ್ತಿದ್ದವು. ಯಾವ ಕಾರ್ಡು ಒಳ್ಳೆಯದೆಂದು ಗೆಳೆಯರನ್ನು ಕೇಳಿ ಕೊಂಡವರಿಗೆ ಲಾಭ, ಬೋರ್ಡು ನೋಡಿ ಕೊಂಡವರಿಗೆ ನಷ್ಟ.

ಮೊಬೈಲ್ 1995ರಲ್ಲಿ ದೇಶಕ್ಕೆ ಬಂದಾಗ ನಿಮಿಷಕ್ಕೆ ಹದಿನಾರು ರೂಪಾಯಿಯವರೆಗೂ ಇತ್ತು, ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಆಗ ಬೆಳೆದದ್ದೇ ಮಿಸ್ಡ್ ಕಾಲ್ ಸಂಸ್ಕೃತಿ. ಒಂದು ರಿಂಗ್ ಎಂದರೆ ತಲುಪಿದೆ, ಎರಡು ರಿಂಗ್ ಎಂದರೆ ನೀನೇ ಫೋನ್ ಮಾಡು. ಒಂದು ಪೈಸೆಯೂ ಖರ್ಚಿಲ್ಲದೆ ಸಂದೇಶ ಕಳುಹಿಸುವ ಈ ಉಪಾಯವನ್ನು ಯಾವ ಎಂಜಿನಿಯರೂ ಕಂಡುಹಿಡಿಯಲಿಲ್ಲ. ಅದು ಜನರದೇ ಶೋಧ.

2003ರಲ್ಲಿ ಸ್ಕೈಪ್ ಬಂತು. 2015ರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಕರೆ, 2016ರ ಕೊನೆಯಲ್ಲಿ ವಿಡಿಯೊ ಕರೆ ಬಂದವು. ಅದೇ 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಆರಂಭವಾಗಿ ಡೇಟಾ ಬೆಲೆ ನೆಲಕ್ಕಿಳಿಯಿತು. ಈಗ ಕೆಂಗೇರಿಯ ಅಜ್ಜಿ ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಒರಗಿಸಿಟ್ಟು, ಸಿಯಾಟಲ್‌ನ ಸೊಸೆಗೆ ಬಿಸಿಬೇಳೆಬಾತ್ ಹೇಳಿಕೊಡುತ್ತಾರೆ. ಒಂದು ಗಂಟೆ ಮಾತನಾಡಿದರೂ ಯಾರೂ ಗಡಿಯಾರ ನೋಡುವುದಿಲ್ಲ. ಇನ್ನೊಂದೆಡೆ ಹಳದಿ ಬೋರ್ಡುಗಳು ಒಂದೊಂದಾಗಿ ಕೆಳಗಿಳಿದವು. ಗೂಡುಗಳು ಮೊದಲು ಜೆರಾಕ್ಸ್ ಅಂಗಡಿಗಳಾದವು, ಆಮೇಲೆ ರೀಚಾರ್ಜ್ ಅಂಗಡಿಗಳಾದವು, ಎಷ್ಟೋ ಮುಚ್ಚಿಯೇ ಹೋದವು. ಮಾತು ಅಗ್ಗವಾದಾಗ ಮಾತು ಮಾರಿ ಬದುಕುತ್ತಿದ್ದವರ ಅನ್ನ ಹೋಯಿತು ಎಂಬುದನ್ನೂ ಇತಿಹಾಸ ದಾಖಲಿಸಬೇಕು.

ಮೀಟರ್ ಮರೆಯಾದ ಕಾಲ

ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಆದರೆ ಮನೆಯಲ್ಲಿ ಕೂತು ಮಾತನಾಡುವುದು ಅಗ್ಗವಾದ ಕಾಲದಲ್ಲೇ ಫೋನನ್ನು ಜೇಬಿನಲ್ಲಿಟ್ಟುಕೊಂಡು ವಿದೇಶಕ್ಕೆ ಹೋಗುವುದು ದುಬಾರಿಯಾಯಿತು.

ರೋಮಿಂಗ್ ನಡೆಯುವ ಬಗೆ ಹೀಗೆ. ನಮ್ಮ ಸಿಮ್ ಪರದೇಶದಲ್ಲಿ ಅಲ್ಲಿನ ಕಂಪನಿಯ ಜಾಲಕ್ಕೆ ಅತಿಥಿಯಾಗಿ ಸೇರಿಕೊಳ್ಳುತ್ತದೆ. ಆ ಕಂಪನಿ ನಮ್ಮ ಕಂಪನಿಗೆ ಸಗಟು ದರದಲ್ಲಿ ಬಿಲ್ ಕಳುಹಿಸುತ್ತದೆ. ನಮ್ಮ ಕಂಪನಿ ತನ್ನ ಲಾಭ ಸೇರಿಸಿ ನಮಗೆ ಬಿಲ್ ಕಳುಹಿಸುತ್ತದೆ. ಕರೆ ಮಾತ್ರವಿದ್ದ ಕಾಲದಲ್ಲಿ ಇದರ ಹಿಡಿತ ನಮ್ಮ ಕೈಯಲ್ಲಿತ್ತು, ಮಾತನಾಡದಿದ್ದರೆ ಖರ್ಚಿಲ್ಲ. 2007ರಲ್ಲಿ ಐಫೋನ್, 2008ರಲ್ಲಿ ಆ್ಯಂಡ್ರಾಯ್ಡ್ ಬಂದ ಮೇಲೆ ಸ್ಥಿತಿ ಬದಲಾಯಿತು. ಸ್ಮಾರ್ಟ್‌ಫೋನ್ ನಾವು ಮುಟ್ಟದಿದ್ದರೂ ಕೆಲಸ ಮಾಡುತ್ತದೆ. ಇಮೇಲ್ ತರುತ್ತದೆ, ಫೋಟೊಗಳನ್ನು ನಕಲು ಮಾಡಿಡುತ್ತದೆ, ಆ್ಯಪ್‌ಗಳನ್ನು ನವೀಕರಿಸುತ್ತದೆ. ಪ್ಯಾಕ್ ಇಲ್ಲದ ರೋಮಿಂಗ್‌ನಲ್ಲಿ ಒಂದು ಎಂಬಿಗೆ 500 ರೂಪಾಯಿ ಎಂದು ಇಟ್ಟುಕೊಳ್ಳಿ. ಮೂರು ಎಂಬಿಯ ಮೊಮ್ಮಗುವಿನ ಫೋಟೊ ಒಂದಕ್ಕೆ 1,500 ರೂಪಾಯಿ. ಮನೆಯ ಗುಂಪಿನಲ್ಲಿ ದಿನಕ್ಕೆ ಇಂಥ ಇಪ್ಪತ್ತು ಫೋಟೊ ಬಂದರೆ ಆಗುವ ಲೆಕ್ಕವನ್ನು ನಮ್ಮ ಎಂಟನೇ ತರಗತಿಯ ಮಕ್ಕಳೇ ಮಾಡಬಲ್ಲರು.

ಟ್ರಂಕ್ ಕಾಲ್‌ನಲ್ಲಿ ಆಪರೇಟರ್ ಎಚ್ಚರಿಸುತ್ತಿದ್ದರು, ಬೂತ್‌ನಲ್ಲಿ ಕೆಂಪು ಅಂಕಿ ಎಚ್ಚರಿಸುತ್ತಿತ್ತು, ಕಾರ್ಡಿನಲ್ಲಿ ಯಂತ್ರದ ದನಿ ಎಚ್ಚರಿಸುತ್ತಿತ್ತು. ಸ್ಮಾರ್ಟ್‌ಫೋನ್‌ನಲ್ಲಿ ಅಂಥ ಮೀಟರು ಕಣ್ಣಿಗೆ ಬೀಳುವುದಿಲ್ಲ. ಯುರೋಪಿಯನ್ ಒಕ್ಕೂಟ ಈ ಸಮಸ್ಯೆಯನ್ನು ಕಾನೂನಿನಿಂದ ಬಗೆಹರಿಸಲು ಹೊರಟಿತು. 2007ರಿಂದ ರೋಮಿಂಗ್ ದರಕ್ಕೆ ಮಿತಿ ಹಾಕಿತು, 2010ರಲ್ಲಿ ಡೇಟಾ ಬಿಲ್ 50 ಯೂರೊ ಮುಟ್ಟಿದರೆ ಸಂಪರ್ಕ ತಾನಾಗಿ ನಿಲ್ಲುವ ವ್ಯವಸ್ಥೆ ತಂದಿತು, 2017ರ ಜೂನ್ 15ರಿಂದ ಸದಸ್ಯ ದೇಶಗಳ ನಡುವೆ ಹೆಚ್ಚುವರಿ ರೋಮಿಂಗ್ ಶುಲ್ಕವನ್ನೇ ತೆಗೆಯಿತು. ಆದರೆ ಆ ರಕ್ಷಣೆ ಅಲ್ಲಿನ ಸಿಮ್ ಇರುವವರಿಗೆ. ಬೆಂಗಳೂರಿನ ಸಿಮ್ ಹಿಡಿದು ಪ್ಯಾರಿಸ್‌ನಲ್ಲಿ ಇಳಿದವರಿಗೆ ಅದು ಅನ್ವಯಿಸುವುದಿಲ್ಲ.

ಈಗ ಹೊರಡುವವರಿಗೆ

ನಮ್ಮ ಬಡಾವಣೆಗಳಿಂದ ಇಂದು ವಿದೇಶಕ್ಕೆ ಹೋಗುವವರಲ್ಲಿ ಮಕ್ಕಳಷ್ಟೇ ಇಲ್ಲ, ಮಗಳ ಬಾಣಂತನಕ್ಕೆಂದು ಐದಾರು ತಿಂಗಳು ಹೋಗುವ ನಿವೃತ್ತ ತಂದೆ ತಾಯಿಗಳೂ ಇದ್ದಾರೆ. ಈ ಸಂಚಿಕೆ ಅಂಥ ಹಲವರ ಕೈ ಸೇರುವುದರಿಂದ ಇತಿಹಾಸ ಕಲಿಸಿದ ಪಾಠವನ್ನು ಉಪಯೋಗಕ್ಕೆ ಬರುವಂತೆ ಬರೆಯುತ್ತೇನೆ.

ವಿಮಾನ ಹತ್ತುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆಫ್ ಮಾಡಿ. ಇದೊಂದೇ ಕೆಲಸದಿಂದ ದೊಡ್ಡ ಬಿಲ್‌ನ ಭಯ ತಪ್ಪುತ್ತದೆ. ಆದರೆ ಭಾರತದ ಸಿಮ್ ಅನ್ನು ತೆಗೆದು ಪೆಟ್ಟಿಗೆಗೆ ಹಾಕಬೇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತದೆ. ವಿದೇಶದಲ್ಲಿ ಎಸ್‌ಎಂಎಸ್ ಬರಬೇಕಾದರೆ ಹೊರಡುವ ಮುನ್ನವೇ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿರಬೇಕು. ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ, ಒಳಬರುವ ಕರೆಯನ್ನು ಎತ್ತಿದರೆ ಶುಲ್ಕ ಬೀಳಬಹುದು. ಪ್ರೀಪೇಯ್ಡ್ ನಂಬರಾದರೆ ಇಲ್ಲಿರುವ ಯಾರಾದರೂ ಕಾಲಕಾಲಕ್ಕೆ ರೀಚಾರ್ಜ್ ಮಾಡುತ್ತಿರಲಿ. ತಿಂಗಳುಗಟ್ಟಲೆ ಬಿಟ್ಟರೆ ನಂಬರೇ ಕೈತಪ್ಪಬಹುದು, ಅದರೊಡನೆ ಬ್ಯಾಂಕಿನ ಕೀಲಿಯೂ ಹೋದಂತೆ.

ನಾಲ್ಕೈದು ದಿನದ ಪ್ರವಾಸಕ್ಕೆ ನಮ್ಮ ಕಂಪನಿಯ ರೋಮಿಂಗ್ ಪ್ಯಾಕ್ ಸಾಕು. ತಿಂಗಳುಗಟ್ಟಲೆ ಇರುವವರಿಗೆ ಅಲ್ಲಿನ ಪ್ರೀಪೇಯ್ಡ್ ಸಿಮ್ ಅಥವಾ ಮಕ್ಕಳ ಫ್ಯಾಮಿಲಿ ಪ್ಲಾನ್ ಅಗ್ಗ. ಈಗ ಇ-ಸಿಮ್ ಇರುವುದರಿಂದ ಭಾರತದ ಸಿಮ್ ಅನ್ನು ಜಾಗ ಬಿಡಿಸದೆ ಇನ್ನೊಂದು ಸಂಪರ್ಕ ಸೇರಿಸಿಕೊಳ್ಳಬಹುದು. ಎರಡು ಸಂಪರ್ಕಗಳಿದ್ದಾಗ ಡೇಟಾ ಯಾವುದರಿಂದ ಹೋಗುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಮಗ ಅಮೆರಿಕದಲ್ಲಿ ಕೊಂಡು ಉಡುಗೊರೆಯಾಗಿ ಕೊಟ್ಟ ಹೊಸ ಐಫೋನ್‌ಗೆ ಸಿಮ್ ಹಾಕುವ ಕಿಂಡಿಯೇ ಇರುವುದಿಲ್ಲ. 2022ರ ಐಫೋನ್ 14ರಿಂದ ಅಲ್ಲಿ ಮಾರುವ ಮಾದರಿಗಳೆಲ್ಲ ಇ-ಸಿಮ್‌ನವು. ಅಂಥ ಫೋನಿಗೆ ಬದಲಾಗುವ ಮುನ್ನ ನಿಮ್ಮ ನಂಬರನ್ನು ಇಲ್ಲಿಯೇ ಇ-ಸಿಮ್ ಮಾಡಿಸಿಕೊಂಡರೆ ತೊಂದರೆ ಕಡಿಮೆ.

ನಕ್ಷೆ, ಕನ್ನಡದ ಅನುವಾದ ಆ್ಯಪ್, ಹಾಡು ಇವನ್ನೆಲ್ಲ ಮನೆಯ ವೈಫೈನಲ್ಲಿ ಮೊದಲೇ ಇಳಿಸಿಕೊಳ್ಳಿ. ವಾಟ್ಸ್‌ಆ್ಯಪ್ ಕರೆ ಎಲ್ಲ ದೇಶದಲ್ಲೂ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಯುಎಇಯಲ್ಲಿ ಸಂದೇಶ ಹೋಗುತ್ತದೆ, ಕರೆಗೆ ತಡೆಯಿದೆ. ಚೀನಾದಲ್ಲಿ ವಾಟ್ಸ್‌ಆ್ಯಪ್‌ಗೇ ತಡೆಯಿದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಬ್ಯಾಟರಿ ಮುಗಿದಾಗ ಕೆಲಸಕ್ಕೆ ಬರುವುದು ಕಾಗದವೇ.

ಇತಿಹಾಸದ ಪಾಠ

ಐವತ್ತು ವರ್ಷಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರತಿ ಕಾಲದಲ್ಲೂ ಅಗ್ಗದ ದಾರಿಯೊಂದು ಇದ್ದೇ ಇತ್ತು, ಆದರೆ ಅದು ತಿಳಿದವರಿಗಷ್ಟೇ ತೆರೆದಿತ್ತು. ಕಾಲು ದರದ ಹೊತ್ತು ತಿಳಿದವರು, ಒಳ್ಳೆಯ ಕಾರ್ಡು ತಿಳಿದವರು, ಸೈಬರ್ ಕೆಫೆ ತಿಳಿದವರು, ಈಗ ಇ-ಸಿಮ್ ತಿಳಿದವರು ಕಡಿಮೆ ಕೊಟ್ಟರು. ತಿಳಿಯದವರು ಹೆಚ್ಚು ಕೊಟ್ಟರು, ಇಲ್ಲವೇ ಮಾತನ್ನೇ ಕಡಿಮೆ ಮಾಡಿದರು. ಹೆಚ್ಚು ಕೊಟ್ಟವರು ಬಹುಪಾಲು ವಯಸ್ಸಾದವರು, ಇಂಗ್ಲಿಷ್ ಬಾರದವರು, ಕೇಳಲು ಸಂಕೋಚಪಟ್ಟವರು.

ಈ ಅಂತರ ತುಂಬುವ ಕೆಲಸ ನಮ್ಮಂಥ ಕನ್ನಡ ಶಾಲೆಗಳಿಂದ ಆಗಬಲ್ಲದು. ಇಂದಿನ ವಿದ್ಯಾರ್ಥಿಗಳಲ್ಲಿ ನನ್ನದು ಎರಡು ಕೋರಿಕೆ. ಮನೆಯ ಟ್ರಂಕಿನಲ್ಲಿ ಹಳೆಯ ಏರೋಗ್ರಾಮ್, ಬೂತ್‌ನ ಬಿಲ್ಲು, ಕಾಲಿಂಗ್ ಕಾರ್ಡು, ಕ್ಯಾಸೆಟ್ಟು ಇದ್ದರೆ ರದ್ದಿಗೆ ಹಾಕದೆ ಶಾಲೆಗೆ ತಂದುಕೊಡಿ, ನಮ್ಮ ಊರಿನ ಇತಿಹಾಸ ಅವುಗಳಲ್ಲಿದೆ. ಹಾಗೆಯೇ ವಿದೇಶಕ್ಕೆ ಹೊರಟ ನೆರೆಮನೆಯ ಅಜ್ಜ ಅಜ್ಜಿಯರ ಪಕ್ಕ ಅರ್ಧ ಗಂಟೆ ಕೂತು ಅವರ ಫೋನಿನ ಸೆಟ್ಟಿಂಗ್ಸ್ ಅನ್ನು ಅವರ ಕೈಯಲ್ಲೇ ಮಾಡಿಸಿ. ನೀವೇ ಮಾಡಿಕೊಟ್ಟರೆ ಅದು ಒಂದು ಪ್ರಯಾಣಕ್ಕೆ ಆಗುತ್ತದೆ, ಅವರಿಗೆ ಕಲಿಸಿದರೆ ಮುಂದಿನ ಪ್ರಯಾಣಕ್ಕೂ ಒದಗುತ್ತದೆ.